ಬೆಳ್ಳಕ್ಕಿಗೆ ಕಲ್ಲು ಹೊಡೆದರೆ ಮೆದುಳು ಜ್ವರ ನಿಲ್ಲುವುದಿಲ್ಲ: ಹಾಗಾದರೆ ಏನು ಮಾಡಬೇಕು?

ನಮ್ಮ ಮನೆ ಮಂಡ್ಯ ಕಡೆಯ ಗದ್ದೆ ಬಯಲಿನಲ್ಲಿದೆ. ಹಿಂದೆ ಕೊಟ್ಟಿಗೆ, ಕೊಟ್ಟಿಗೆ ದಾಟಿದರೆ ನಾಲೆ ನೀರಿನ ಗದ್ದೆ, ಗದ್ದೆ ಆಚೆ ಒಂದು ದೊಡ್ಡ ಹುಣಸೆ ಮರ. ಮರದ ತುಂಬ ಬೆಳ್ಳಕ್ಕಿ ಗೂಡು. ಎರಡು ವರ್ಷದ ಹಿಂದೆ ಪಕ್ಕದ ಊರಿನ ಮಗುವಿಗೆ ಮೆದುಳು ಜ್ವರ ಅಂತ ಸುದ್ದಿ ಹಬ್ಬಿತು. ಇದು ಹಕ್ಕಿಯಿಂದ ಬರುವ ಕಾಯಿಲೆ ಅಂತ ಯಾರೋ ಮೊಬೈಲಿನಲ್ಲಿ ಓದಿದರು. ಮಾರನೇ ದಿನ ಬೆಳಿಗ್ಗೆ ನಾಲ್ಕೈದು ಹುಡುಗರು ಕವಣೆ, ಉದ್ದನೆ ಗಳ ಹಿಡಿದು ಹುಣಸೆ ಮರದ ಕೆಳಗೆ ನಿಂತಿದ್ದರು.

ಅವರು ಓದಿದ್ದು ಸುಳ್ಳಲ್ಲ. ಅರ್ಧ ಮಾತ್ರ ಓದಿದ್ದರು, ಅಷ್ಟೇ.

ಹಕ್ಕಿಗೂ ನಮಗೂ ನಡುವೆ ನಾಲ್ಕೈದು ಕೊಂಡಿಗಳಿವೆ. ಅವೆಲ್ಲ ಸರಿಯಾದ ಜಾಗದಲ್ಲಿ, ಸರಿಯಾದ ಹೊತ್ತಿನಲ್ಲಿ ಒಂದಕ್ಕೊಂದು ಸಿಕ್ಕಿಕೊಂಡರೆ ಮಾತ್ರ ವೈರಸ್ ಮನುಷ್ಯನ ತನಕ ಬರುತ್ತದೆ. ಕೆಲವು ಕೊಂಡಿ ನಮ್ಮ ಕೈಗೆ ಸಿಗುತ್ತವೆ, ಕೆಲವು ಸಿಗುವುದಿಲ್ಲ. ಹುಡುಗರು ಕೈಗೆ ಸಿಗದ ಕೊಂಡಿಗೆ ಗಳ ಹಾಕಿದ್ದರು. ಈ ಬರಹದಲ್ಲಿ ವೈರಸ್ ಬರುವ ದಾರಿಯಲ್ಲೇ ಹೆಜ್ಜೆ ಹೆಜ್ಜೆಯಾಗಿ ನಡೆದು, ಎಲ್ಲಿ ಕತ್ತರಿ ಹಾಕಬಹುದು ಅಂತ ನೋಡೋಣ.

ಹೊರಡುವ ಮುಂಚೆ: ಯಾವ ಜ್ವರದ ಮಾತು ಇದು?

ನಮ್ಮಲ್ಲಿ ಎಲ್ಲ ಜ್ವರವನ್ನೂ ಒಂದೇ ಚೀಲಕ್ಕೆ ತುಂಬುವ ಅಭ್ಯಾಸ ಇದೆ. ಡೆಂಗಿಗೂ ಹಕ್ಕಿಗೂ ಸಂಬಂಧವಿಲ್ಲ. ಅದು ಈಡಿಸ್ ಸೊಳ್ಳೆಯ ಮೂಲಕ ಮನುಷ್ಯನಿಂದ ಮನುಷ್ಯನಿಗೆ ಬರುತ್ತದೆ, ಆ ಸೊಳ್ಳೆ ಕಚ್ಚುವುದು ಹಗಲಲ್ಲಿ. ಹಕ್ಕಿ ಜ್ವರಕ್ಕೆ ಹಕ್ಕಿ ಬೇಕು, ಆದರೆ ಸೊಳ್ಳೆ ಬೇಡ. ಕಾಯಿಲೆ ಬಿದ್ದ ಕೋಳಿ, ಅದರ ಹಿಕ್ಕೆ ಮುಟ್ಟಿದರೆ ಅಪಾಯ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಾದ ಮಂಗನ ಕಾಯಿಲೆ ಹರಡುವುದು ಉಣುಗಿನಿಂದ.

ನಾನು ಹೇಳುತ್ತಿರುವುದು ಜಪಾನೀಸ್ ಎನ್‌ಸೆಫಲೈಟಿಸ್ ಬಗ್ಗೆ. ಆಸ್ಪತ್ರೆಯಲ್ಲಿ ಜೆಇ ಅಂತಾರೆ, ಊರಲ್ಲಿ ಮೆದುಳು ಜ್ವರ. ಜೊತೆಗೆ ಇದರ ದಾಯಾದಿ ವೆಸ್ಟ್ ನೈಲ್ ಬಗ್ಗೆಯೂ ಸ್ವಲ್ಪ. ಜಪಾನಿನ ಹೆಸರು ನೋಡಿ ದೂರದ ಕಾಯಿಲೆ ಅಂದುಕೊಳ್ಳಬೇಡಿ. ಭಾರತದಲ್ಲಿ ಇದು ಮೊದಲು ಗುರುತಾಗಿದ್ದು 1955ರಲ್ಲಿ, ಕೋಲಾರಕ್ಕೆ ಅಷ್ಟೇನೂ ದೂರವಿಲ್ಲದ ವೆಲ್ಲೂರಿನಲ್ಲಿ. ಆಮೇಲೆ ಕೋಲಾರ, ಮಂಡ್ಯ, ಬಳ್ಳಾರಿ, ರಾಯಚೂರು, ಕೊಪ್ಪಳ ಎಲ್ಲ ಕಡೆ ಕಂಡಿದೆ. ಈ ಹೆಸರುಗಳನ್ನು ಒಟ್ಟಿಗೆ ಓದಿದರೆ ನಾಲೆ, ಕೆರೆ, ಭತ್ತ ಅಂತ ನಿಮಗೇ ಹೊಳೆಯುತ್ತದೆ.

ಹೆಜ್ಜೆ 1: ಹಕ್ಕಿಯನ್ನು ಸರಿಯಾಗಿ ನೋಡಿ

ಎಲ್ಲ ಹಕ್ಕಿಯೂ ಇದರಲ್ಲಿಲ್ಲ. ಮುಖ್ಯವಾಗಿ ಬಕದ ಕುಟುಂಬದವು: ಬೆಳ್ಳಕ್ಕಿ, ದನದ ಹಿಂದೆ ಓಡಾಡುವ ಗೋವಕ್ಕಿ, ಗದ್ದೆ ಬದುವಿನ ಮೇಲೆ ಮಣ್ಣಿನ ಬಣ್ಣದಲ್ಲಿ ಕೂತಿದ್ದು ಹಾರಿದಾಗ ಮಾತ್ರ ಬೆಳ್ಳನೆ ರೆಕ್ಕೆ ತೋರಿಸುವ ಕೊಳದ ಬಕ, ಇರುಳು ಬಕ. ಇವು ನೀರಿನ ಹತ್ತಿರವೇ ಬದುಕುತ್ತವೆ, ಸೊಳ್ಳೆ ಹುಟ್ಟುವುದೂ ಅಲ್ಲೇ. ನೂರಾರು ಒಟ್ಟಿಗೆ ಗೂಡು ಕಟ್ಟುತ್ತವೆ. ಗೂಡಿನ ಮರಿಗೆ ಪುಕ್ಕ ತೆಳು, ಸೊಳ್ಳೆ ಬಂದರೆ ಒದರಿಕೊಳ್ಳಲೂ ಬರುವುದಿಲ್ಲ.

ಸೋಂಕಿರುವ ಸೊಳ್ಳೆ ಇಂಥ ಮರಿಗೆ ಕಚ್ಚಿದರೆ ವೈರಸ್ ಅದರ ರಕ್ತದಲ್ಲಿ ಜೋರಾಗಿ ಬೆಳೆಯುತ್ತದೆ. ಎರಡು ಮೂರು ದಿನ, ಹೆಚ್ಚೆಂದರೆ ನಾಲ್ಕೈದು ದಿನ. ಆ ಹೊತ್ತಿನಲ್ಲಿ ಬೇರೆ ಸೊಳ್ಳೆ ಕಚ್ಚಿದರೆ ಅದಕ್ಕೂ ವೈರಸ್ ಹತ್ತಬಹುದು. ಆಮೇಲೆ ಹಕ್ಕಿಯ ಮೈಯಲ್ಲಿ ತಡೆಯುವ ಶಕ್ತಿ ಹುಟ್ಟಿ ವೈರಸ್ ಹೊರಟು ಹೋಗುತ್ತದೆ. ಹಕ್ಕಿಗೆ ಏನೂ ಆಗುವುದಿಲ್ಲ. ಎಂದಿನಂತೆ ಗದ್ದೆಗೆ ಬಂದು ಕಪ್ಪೆ ಹಿಡಿಯುತ್ತದೆ.

ಈಗ ಕವಣೆ ಹಿಡಿದ ಹುಡುಗರ ಕಡೆ ಬರೋಣ. ಹುಣಸೆ ಮರದ ದೊಡ್ಡ ಬೆಳ್ಳಕ್ಕಿಗಳಲ್ಲಿ ಎಷ್ಟೋ ಹಕ್ಕಿಗಳಿಗೆ ಸೋಂಕು ಬಂದು ಹೋಗಿರುತ್ತದೆ, ಅವುಗಳಿಂದ ಮತ್ತೆ ವೈರಸ್ ಹರಡುವುದಿಲ್ಲ. ಅವನ್ನು ಓಡಿಸಿದರೆ ಇನ್ನೊಂದು ಊರಿನ ಮರಕ್ಕೆ ಹೋಗುತ್ತವೆ. ಖಾಲಿಯಾದ ಮರಕ್ಕೆ ಇನ್ನೂ ಸೋಂಕು ಬಂದಿರದ ಹೊಸ ಹಕ್ಕಿ ಬರಬಹುದು, ವೈರಸ್ ಬೆಳೆಯುವುದು ಅಂಥವುಗಳಲ್ಲೇ. ಅಂದರೆ ಲಾಭ ಸೊನ್ನೆ, ಕೆಲವೊಮ್ಮೆ ಉಲ್ಟಾ. ಮೇಲಾಗಿ 1972ರ ವನ್ಯಜೀವಿ ಕಾಯ್ದೆ ಬೇರೆ ಇದೆ. ಕೊಕ್ಕರೆ ಬೆಳ್ಳೂರಿನ ಜನ ಮನೆ ಹಿತ್ತಲಿನ ಮರದಲ್ಲೇ ಕೊಕ್ಕರೆ, ಹೆಜ್ಜಾರ್ಲೆಗಳನ್ನು ಮನೆ ಮಕ್ಕಳ ಹಾಗೆ ನೋಡಿಕೊಂಡು ಬಂದಿದ್ದಾರೆ. ಅದೂ ಮಂಡ್ಯ ಜಿಲ್ಲೆಯೇ.

ಹಾಗಾಗಿ ಈ ಹೆಜ್ಜೆಯಲ್ಲಿ ಮಾಡಬೇಕಾದ್ದು ಸ್ವಲ್ಪವೇ. ಬಕಗಳು ರಾತ್ರಿ ಕೂರುವ ಮರ, ಗದ್ದೆ, ನಿಮ್ಮ ಮನೆ, ಈ ಮೂರೂ ಎಷ್ಟು ಹತ್ತಿರ ಇವೆ ಅಂತ ನೋಡಿಕೊಳ್ಳಿ. ಈ ಜಾತಿಯ ಸೊಳ್ಳೆ ಒಂದೆರಡು ಕಿಲೋಮೀಟರ್ ಆರಾಮಾಗಿ ಹಾರುತ್ತದೆ. ಅಷ್ಟರೊಳಗೆ ಮೂರೂ ಇದ್ದರೆ ಮುಂದಿನ ಹೆಜ್ಜೆಗಳನ್ನು ಗಮನವಿಟ್ಟು ಓದಿ.

ಹೆಜ್ಜೆ 2: ಹಂದಿ ಎಲ್ಲಿದೆ ಅಂತ ಕೇಳಿ

ಬೆಳ್ಳಕ್ಕಿ ಮರದ ಮೇಲೆ, ನಾವು ನೆಲದ ಮೇಲೆ. ಜೆಇ ವಿಚಾರದಲ್ಲಿ ನಡುವಿನ ಸೇತುವೆ ಹಂದಿ. 1950ರ ದಶಕದಲ್ಲಿ ಜಪಾನಿನಲ್ಲಿ ವಿಜ್ಞಾನಿಗಳು ಬಕಗಳ ಗೂಡು, ಹಂದಿ ದೊಡ್ಡಿ, ಗದ್ದೆ ಮೂರನ್ನೂ ಒಟ್ಟಿಗೆ ಹಿಡಿದು ವರ್ಷಗಟ್ಟಲೆ ನೋಡಿದಾಗ ಈ ಚಕ್ರ ಸ್ಪಷ್ಟವಾಯಿತು. ಹಂದಿಯ ರಕ್ತದಲ್ಲೂ ಎರಡರಿಂದ ನಾಲ್ಕು ದಿನ ವೈರಸ್ ತುಂಬಿರುತ್ತದೆ. ದೊಡ್ಡ ಮೈ, ಕೂದಲು ಕಡಿಮೆ, ರಾತ್ರಿಯೆಲ್ಲ ಒಂದೇ ಕಡೆ ಮಲಗುತ್ತದೆ. ಸೊಳ್ಳೆಗೆ ಇದಕ್ಕಿಂತ ಹಬ್ಬ ಇನ್ನೇನು ಬೇಕು? ಇನ್ನೊಂದು ವಿಷಯ, ಸಾಕಿದ ಹಂದಿಯನ್ನು ಆರೆಂಟು ತಿಂಗಳಿಗೆ ಮಾರಿಬಿಡುತ್ತಾರೆ, ಅದರ ಜಾಗಕ್ಕೆ ಇನ್ನೂ ಸೋಂಕು ಬಂದಿರದ ಹೊಸ ಮರಿ ಬರುತ್ತದೆ. ವೈರಸ್ಸಿಗೆ ಪ್ರತಿ ವರ್ಷ ಹೊಸ ಒಲೆ.

ಹಂದಿಯೂ ಮಲಗುವಷ್ಟು ಕಾಯಿಲೆ ಬೀಳುವುದಿಲ್ಲ. ಮುಖ್ಯ ಸುಳಿವು ಅಂದರೆ ಗಬ್ಬದ ಹಂದಿ ಸತ್ತ ಮರಿ ಹಾಕುವುದು. ಹಾಗೇನಾದರೂ ಆದರೆ ಸುಮ್ನೆ ಹೂತು ಮರೆತುಬಿಡಬೇಡಿ, ಪಶು ಆಸ್ಪತ್ರೆಗೆ ತಿಳಿಸಿ. ಆಸ್ಟ್ರೇಲಿಯಾದಲ್ಲಿ 2022ರಲ್ಲಿ ಆಗಿದ್ದೂ ಹೀಗೇ. ಮಳೆ, ಪ್ರವಾಹ ಜೋರಾಗಿ ನೀರುಹಕ್ಕಿ ಮತ್ತು ಸೊಳ್ಳೆ ಎರಡೂ ಹೆಚ್ಚಿದ್ದವು. ದಕ್ಷಿಣದ ರಾಜ್ಯಗಳ ಹಂದಿ ಫಾರಂಗಳಲ್ಲಿ ಸತ್ತ ಮರಿ ಹುಟ್ಟಿದ್ದನ್ನು ಹಿಡಿದು ಹೊರಟಾಗ ಜೆಇ ಸಿಕ್ಕಿತು.

ಹಂದಿ ಸಾಕುವವರಿಗೆ ಬೈಯುವುದರಿಂದ ಏನೂ ಆಗುವುದಿಲ್ಲ, ಅದು ಅವರ ಅನ್ನ. ಮೂರ್ನಾಲ್ಕು ಕಿಲೋಮೀಟರ್ ದೂರ ಸಾಗಿಸಿ ಅಂತ ಹೇಳುವುದು ಸುಲಭ, ಎರಡು ಗುಂಟೆ ಜಾಗ ಇರುವವರು ಎಲ್ಲಿಗೆ ಹೋಗಬೇಕು? ನಡೆಯುವ ಕೆಲಸ ಇಷ್ಟು: ದೊಡ್ಡಿಯನ್ನು ಮನೆಗಳಿಂದ ಆದಷ್ಟು ಆಚೆ, ಊರಿನ ಇನ್ನೊಂದು ತುದಿಗೆ ಹಾಕುವುದು. ಸಂಜೆಯಿಂದ ಬೆಳಗಿನ ತನಕ ದೊಡ್ಡಿಗೆ ಸೊಳ್ಳೆ ಬಲೆ ಇಳಿಬಿಡುವುದು. ಸುತ್ತ ಕೊಚ್ಚೆ ನಿಲ್ಲದಂತೆ ಮೋರಿ ಮಾಡುವುದು. ಹಂದಿ ಮಾಂಸ ಬೇಯಿಸಿ ತಿಂದರೆ ಜೆಇ ಬರುವುದಿಲ್ಲ, ಆ ಭಯ ಬೇಡ.

ಹೆಜ್ಜೆ 3: ಒಂದು ಸೊಳ್ಳೆಯ ದಿನಚರಿ ತಿಳಿದುಕೊಳ್ಳಿ

ಬೇರೆ ಏನನ್ನು ಬಿಟ್ಟರೂ ಇದನ್ನು ಬಿಡಬೇಡಿ.

ಸಂಜೆ ಆರೂವರೆ ಹೊತ್ತಿಗೆ ಕೊಟ್ಟಿಗೆಗೆ ಹೋಗಿ ಹಸುವಿನ ಹೊಟ್ಟೆಯ ಕೆಳಗೆ ಟಾರ್ಚ್ ಬಿಡಿ. ಕಂದು ಬಣ್ಣದ ಸಣ್ಣ ಸೊಳ್ಳೆಗಳು ಸಾಲಾಗಿ ಕೂತಿರುತ್ತವೆ. ಒಂದನ್ನು ಗಾಜಿನ ಲೋಟದಲ್ಲಿ ಹಿಡಿದು ಬೂತಗನ್ನಡಿಯಲ್ಲಿ ನೋಡಿದರೆ ಚುಚ್ಚುವ ಮೂತಿಯ ನಡುವೆ ಬಿಳಿ ಉಂಗುರ ತೊಡಿಸಿದ ಹಾಗೆ ಒಂದು ಪಟ್ಟಿ ಕಾಣುತ್ತದೆ. ಗದ್ದೆಯಲ್ಲಿ ಹುಟ್ಟುವ ಕ್ಯೂಲೆಕ್ಸ್ ಸೊಳ್ಳೆ ಅದು. ಗೋಡೆ ಮೇಲೆ ಕೂತರೆ ಮೈ ಗೋಡೆಗೆ ಸಮವಾಗಿರುತ್ತದೆ. ಮಲೇರಿಯಾದ ಅನಾಫಿಲಿಸ್ ಆದರೆ ಬಾಲ ಎತ್ತಿ ಓರೆಯಾಗಿ ಕೂರುತ್ತದೆ.

ಕಚ್ಚುವುದು ಹೆಣ್ಣು ಮಾತ್ರ, ಮೊಟ್ಟೆಗೆ ರಕ್ತ ಬೇಕು ಅಂತ. ಅವಳ ಲೆಕ್ಕ ಹೀಗೆ ಇಟ್ಟುಕೊಳ್ಳೋಣ. ಹುಟ್ಟಿದ ಎರಡು ಮೂರನೇ ದಿನ ಮೊದಲ ಊಟ, ಅದು ಸೋಂಕಿದ್ದ ಬೆಳ್ಳಕ್ಕಿ ಮರಿ ಅಥವಾ ಹಂದಿ ಅಂದುಕೊಳ್ಳಿ. ರಕ್ತದ ಜೊತೆ ವೈರಸ್ ಹೊಟ್ಟೆಗೆ ಹೋಯಿತು. ಆ ರಾತ್ರಿಯೇ ಬಂದು ನಿಮಗೆ ಕಚ್ಚಿದರೂ ಏನೂ ಆಗುವುದಿಲ್ಲ. ವೈರಸ್ ಇನ್ನೂ ಹೊಟ್ಟೆಯಲ್ಲಿದೆ, ಎಂಜಲಿನಲ್ಲಿಲ್ಲ. ಮೂರ್ನಾಲ್ಕು ದಿನಕ್ಕೆ ಗದ್ದೆ ನೀರಿನ ಮೇಲೆ ತೆಪ್ಪದ ಹಾಗೆ ಒಂದಕ್ಕೊಂದು ಅಂಟಿದ ಮೊಟ್ಟೆ ಗುಂಪು ಇಟ್ಟು ಮತ್ತೆ ಊಟಕ್ಕೆ ಬರುತ್ತಾಳೆ. ಈ ಸಲ ನಿಮ್ಮ ಹಸು. ಮತ್ತೆ ಮೊಟ್ಟೆ. ಅಷ್ಟರಲ್ಲಿ ವೈರಸ್ ಹೊಟ್ಟೆ ಗೋಡೆ ದಾಟಿ, ಮೈಯೆಲ್ಲ ಹರಡಿ, ಎಂಜಲು ಗ್ರಂಥಿಗೆ ಬಂದು ಸೇರುತ್ತದೆ. ಇದಕ್ಕೆ ಸುಮಾರು ಒಂದರಿಂದ ಎರಡು ವಾರ. ಸೆಖೆ ಜಾಸ್ತಿ ಇದ್ದರೆ ಬೇಗ, ಚಳಿ ಇದ್ದರೆ ನಿಧಾನ. ಅಲ್ಲಿಂದ ಅವಳು ಸಾಯುವ ತನಕ ಪ್ರತಿ ಕಡಿತದಲ್ಲೂ ವೈರಸ್.

ಅಂದರೆ ಅಪಾಯ ಇರುವುದು ಮುದಿ ಸೊಳ್ಳೆಯಲ್ಲಿ. ಎಳೆ ಸೊಳ್ಳೆ ಕಿರಿಕಿರಿ, ಮುದಿ ಸೊಳ್ಳೆ ಕಾಯಿಲೆ. ಒಂದು ಸುಮ್ನೆ ಲೆಕ್ಕ ಹಾಕಿ ನೋಡಿ. ದಿನಕ್ಕೆ ಐದರಲ್ಲಿ ಒಂದು ಸೊಳ್ಳೆ ಸಾಯುತ್ತದೆ ಅಂದುಕೊಂಡರೆ 100ರಲ್ಲಿ 10 ದಿನ ದಾಟಿ ಉಳಿಯುವುದು 10 ಅಥವಾ 11. ಏನೋ ಮಾಡಿ ದಿನಕ್ಕೆ ಮೂರರಲ್ಲಿ ಒಂದು ಸಾಯುವ ಹಾಗೆ ಮಾಡಿದಿರಿ ಅಂದುಕೊಳ್ಳಿ. ಆಗ ಉಳಿಯುವುದು ಒಂದೋ ಎರಡೋ. ಊರಲ್ಲಿ ಸೊಳ್ಳೆ ಇನ್ನೂ ಗುಂಯ್ ಅನ್ನುತ್ತಲೇ ಇರುತ್ತದೆ, ಜನ ಏನೂ ಪ್ರಯೋಜನ ಆಗಲಿಲ್ಲ ಅಂತ ಗೊಣಗುತ್ತಾರೆ, ಆದರೆ ಕಾಯಿಲೆ ಹೊತ್ತ ಸೊಳ್ಳೆ ಎಷ್ಟೋ ಪಾಲು ಕಡಿಮೆ ಆಗಿರುತ್ತದೆ. ಔಷಧಿ ಲೇಪಿಸಿದ ಪರದೆ ಕೆಲಸ ಮಾಡುವುದು ಹೀಗೆ. ಅದು ನಿಮಗೊಂದು ಗೋಡೆ, ಬಂದು ಕೂತ ಸೊಳ್ಳೆಗೆ ವಿಷ.

ಹಸುವಿನ ಬಗ್ಗೆಯೂ ಒಂದು ಮಾತು. ಈ ಸೊಳ್ಳೆಗೆ ನಮಗಿಂತ ದನದ ರಕ್ತ ಇಷ್ಟ, ದನದ ಮೈಯಲ್ಲಿ ಸೊಳ್ಳೆಗೆ ಹತ್ತುವಷ್ಟು ವೈರಸ್ ಬೆಳೆಯುವುದಿಲ್ಲ. ಹಾಗಂತ ಹಸು ನಮ್ಮನ್ನು ಕಾಯುತ್ತದೆ ಅಂತ ನೆಮ್ಮದಿಯಾಗಿ ಇರಬೇಡಿ. ಕೊಟ್ಟಿಗೆ ಮನೆಗೆ ಅಂಟಿಕೊಂಡಿದ್ದರೆ ಸೊಳ್ಳೆಯನ್ನು ಬಾಗಿಲಿಗೇ ಕರೆದು ಕೂರಿಸಿದ ಹಾಗೆ. ಕೊಟ್ಟಿಗೆ ಸ್ವಲ್ಪ ದೂರ ಇದ್ದರೆ ಒಳ್ಳೆಯದು, ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ಮಕ್ಕಳನ್ನು ಮಲಗಿಸಬೇಡಿ.

ಹೆಜ್ಜೆ 4: ಗದ್ದೆಗೆ ಒಂದು ಬಿಳಿ ಮಗ್ ತೆಗೆದುಕೊಂಡು ಹೋಗಿ

ನಾಟಿ ಮಾಡಿದ ಮೊದಲ ಕೆಲವು ವಾರ ಪೈರು ಗಿಡ್ಡ, ನೀರಿಗೆ ಬಿಸಿಲು ಬೀಳುತ್ತದೆ, ಜೊತೆಗೆ ಯೂರಿಯಾ ಹಾಕಿರುತ್ತೀರಿ. ಸೊಳ್ಳೆ ಮರಿಗೆ ಇದಕ್ಕಿಂತ ಒಳ್ಳೆ ಜಾಗ ಇಲ್ಲ. ಪೈರು ಎದ್ದು ನೆರಳು ಕವಿದ ಮೇಲೆ ಮರಿ ತಾನಾಗೇ ಕಮ್ಮಿ ಆಗುತ್ತದೆ. ಒಟ್ಲು ಹಾಕಿದ ಮಡಿಯನ್ನೂ ಮರೆಯಬೇಡಿ.

ಬಿಳಿ ಪ್ಲಾಸ್ಟಿಕ್ ಮಗ್ಗಿನಲ್ಲಿ ಬದುವಿನ ಅಂಚಿನ ನೀರನ್ನು ಮೆಲ್ಲಗೆ ಮೊಗೆಯಿರಿ. ನಿಮ್ಮ ನೆರಳು ನೀರಿನ ಮೇಲೆ ಬೀಳಬಾರದು, ಬಿದ್ದರೆ ಮರಿ ತಳಕ್ಕೆ ಇಳಿದುಬಿಡುತ್ತವೆ. ಅರ್ಧ ನಿಮಿಷ ಅಲುಗಾಡಿಸದೆ ಹಿಡಿದುಕೊಳ್ಳಿ. ಕ್ಯೂಲೆಕ್ಸ್ ಮರಿ ಬಾಲದ ಕೊಳವೆಯನ್ನು ನೀರಿನ ಮೇಲ್ಭಾಗಕ್ಕೆ ತಾಗಿಸಿ ತಲೆ ಕೆಳಗೆ ಮಾಡಿ ನೇತಾಡುತ್ತದೆ. ಅಲ್ಪವಿರಾಮದ ಹಾಗೆ ಬಾಗಿದ ಗುಂಡು ಪ್ಯೂಪಾ ಕಂಡರೆ ಒಂದೆರಡು ದಿನದಲ್ಲಿ ರೆಕ್ಕೆ ಬಂದು ಹಾರುತ್ತದೆ ಅಂತ ಅರ್ಥ. ಬದುವಿನ ಉದ್ದಕ್ಕೂ ಹತ್ತು ಕಡೆ ಮೊಗೆದು ನೋಡಿ. ನಾನು ಮೊದಲ ಸಲ ನೋಡಿದಾಗ ನಮ್ಮ ಗದ್ದೆಯ ಒಂದು ಮೂಲೆಯಲ್ಲಿ, ಎತ್ತಿನ ಹೆಜ್ಜೆ ಬಿದ್ದ ಗುಳಿಗಳಲ್ಲಿ, ಒಂದೊಂದು ಮಗ್ಗಿಗೆ ಮೂವತ್ತು ನಲವತ್ತು ಇದ್ದವು. ಗದ್ದೆ ನಡುವೆ ಒಂದೂ ಇರಲಿಲ್ಲ.

ಮೊಟ್ಟೆಯಿಂದ ಸೊಳ್ಳೆಯಾಗಲು ವಾರದಿಂದ ಹತ್ತು ದಿನ ಬೇಕು. ಅಷ್ಟರೊಳಗೆ ನೀರು ತೆಗೆದರೆ ಆ ತಲೆಮಾರು ಅಲ್ಲಿಗೆ ಮುಗಿಯಿತು. ಐದು ದಿನ ನೀರು ಕಟ್ಟಿ, ತೂಬು ಬಿಚ್ಚಿ ಎರಡು ಮೂರು ದಿನ ಗದ್ದೆ ಆರಲು ಬಿಡಿ, ಮತ್ತೆ ಕಟ್ಟಿ. ಭತ್ತಕ್ಕೆ ಸದಾ ಮೊಣಕಾಲು ನೀರು ಬೇಕು ಅನ್ನುವುದು ನಮ್ಮ ರೂಢಿ ಮಾತು, ಪೈರು ಬೇರು ಹಿಡಿದ ಮೇಲೆ ಅಷ್ಟು ಬೇಡ. ಹೂವಾಡುವ ಹೊತ್ತಿನಲ್ಲಿ ಮಾತ್ರ ಒಣಗಿಸಬೇಡಿ, ಕಾಳು ಜೊಳ್ಳಾಗುತ್ತದೆ. ನಾಲೆಗೆ ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸಿ, ನೀರು ಬಿಡುವ ವರ್ಷ ಈ ಕೆಲಸ ಅರ್ಧ ತಾನಾಗೇ ಆಗುತ್ತದೆ. ಅಡಚಣೆ ಒಂದೇ: ಮೇಲಿನ ಗದ್ದೆಯವರು ನೀರು ಕಟ್ಟಿಕೊಂಡೇ ಇದ್ದರೆ ನೀವೊಬ್ಬರೇ ಒಣಗಿಸಿ ಏನೂ ಸಿಗುವುದಿಲ್ಲ. ಒಂದು ತೂಬಿನ ಕೆಳಗಿನವರೆಲ್ಲ ಕೂತು ಮಾತಾಡಬೇಕು. ನಮ್ಮಲ್ಲಿ ಒಂದು ಬೇಸಾಯಕ್ಕೆ ಒಪ್ಪಿದರು, ಮುಂದಿನದಕ್ಕೆ ಜಗಳ ಆಡಿದರು. ಹೇಳುತ್ತಲೇ ಇರಬೇಕು, ಅಷ್ಟೇ.

ಗಪ್ಪಿ, ಗ್ಯಾಂಬೂಸಿಯಾ ಮೀನು ಸೊಳ್ಳೆ ಮರಿ ತಿನ್ನುತ್ತವೆ. ತೊಟ್ಟಿ, ಪಾಳು ಬಾವಿಗೆ ಬಿಡಿ. ಕೆರೆ, ಹೊಳೆಗೆ ಮಾತ್ರ ಬಿಡಬೇಡಿ, ಅವು ಹೊರಗಿನಿಂದ ಬಂದ ಜಾತಿ, ಊರ ಮೀನಿನ ಮೊಟ್ಟೆ ಮರಿಯನ್ನೂ ತಿಂದು ಮುಗಿಸುತ್ತವೆ.

ಇನ್ನು ಹೊಗೆ ಗಾಡಿ. ಪಂಚಾಯಿತಿಯವರು ಬೀದಿಯಲ್ಲಿ ಬುಸ್ ಅಂತ ಹೊಗೆ ಬಿಟ್ಟು ಹೋದರೆ ಎಲ್ಲರಿಗೂ ಸಮಾಧಾನ. ಅವತ್ತು ಹಾರಾಡುತ್ತಿದ್ದ ಸೊಳ್ಳೆ ಸಾಯುತ್ತದೆ, ಗದ್ದೆಯ ಮರಿಗೆ ಏನೂ ಆಗುವುದಿಲ್ಲ. ಊರಲ್ಲಿ ಕೇಸ್ ಬಂದಾಗ ಮುದಿ ಸೊಳ್ಳೆಗಳನ್ನು ಒಮ್ಮೆಲೇ ಕೊಲ್ಲಲು ಅದು ಬೇಕು. ಬೇರೆ ದಿನ ಫೋಟೋಗೆ ಚೆನ್ನಾಗಿರುತ್ತದೆ.

ಹೆಜ್ಜೆ 5: ಸಂಜೆಯನ್ನು ಮಕ್ಕಳಿಗಾಗಿ ಸ್ವಲ್ಪ ಬದಲಾಯಿಸಿ

ಈ ಸೊಳ್ಳೆ ಕಚ್ಚುವುದು ಹೊತ್ತು ಮುಳುಗಿದಾಗಿನಿಂದ ಬೆಳಕು ಹರಿಯುವ ತನಕ, ಜಾಸ್ತಿ ಹೊರಗಡೆ. ನಮ್ಮ ಮಕ್ಕಳು ಆ ಹೊತ್ತಿನಲ್ಲಿ ಎಲ್ಲಿರುತ್ತಾರೆ? ಜಗಲಿ ಮೇಲೆ, ಚಡ್ಡಿ ಹಾಕಿಕೊಂಡು, ಬಲ್ಬಿನ ಕೆಳಗೆ ಹೋಮ್‌ವರ್ಕ್. ಅದನ್ನು ಒಳಗೆ ತನ್ನಿ. ಆರು ಗಂಟೆಗೆ ಉದ್ದ ತೋಳಿನ ಅಂಗಿ, ಉದ್ದ ಪ್ಯಾಂಟು. ಸೊಳ್ಳೆಗೆ ಗಾಳಿಗೆದುರು ಹಾರುವ ಬಲ ಕಮ್ಮಿ, ಫ್ಯಾನ್ ಕಾಲಿನ ಕಡೆಗೆ ಬೀಸುವ ಹಾಗೆ ಇಡಿ. ಕಿಟಕಿಗೆ ಜಾಲರಿ. ರಾತ್ರಿ ಪರದೆ, ಅಂಚು ಹಾಸಿಗೆ ಕೆಳಗೆ ಸಿಕ್ಕಿಸಿ. ಅಂಗಳದಲ್ಲಿ ಮಲಗುವ ಅಜ್ಜನಿಗೂ ಪರದೆ ಕಟ್ಟಿ, ಎಷ್ಟು ಬೈದರೂ.

ಮೈಗೆ ಹಚ್ಚುವ ಕ್ರೀಮಿನಲ್ಲಿ ಸೊಳ್ಳೆ ಓಡಿಸುವ ಡೀಟ್ ಅಥವಾ ಪಿಕಾರಿಡಿನ್ ಇದೆಯಾ ಅಂತ ಡಬ್ಬಿ ಓದಿ ನೋಡಿ. ಎರಡು ತಿಂಗಳಿಗಿಂತ ಚಿಕ್ಕ ಕೂಸಿಗೆ ಯಾವುದನ್ನೂ ಹಚ್ಚಬೇಡಿ, ತೊಟ್ಟಿಲಿಗೆ ಪರದೆ ಸಾಕು. ಬೇವಿನ ಸೊಪ್ಪಿನ ಹೊಗೆ ಹಾಕುವ ರೂಢಿ ನಮ್ಮಲ್ಲೂ ಇದೆ, ಸೊಳ್ಳೆ ಸ್ವಲ್ಪ ಹೊತ್ತು ಹೊರಗೆ ಹೋಗುತ್ತದೆ ನಿಜ. ಆದರೆ ಬಾಗಿಲು ಮುಚ್ಚಿದ ಮನೆಯಲ್ಲಿ ಆ ಹೊಗೆ, ಸೊಳ್ಳೆ ಕಾಯಿಲ್‌ನ ಹೊಗೆ ಕೂಸಿನ ಪುಪ್ಪುಸಕ್ಕೂ ಹೋಗುತ್ತದೆ, ಅಲ್ವಾ?

ಹೆಜ್ಜೆ 6: ತಾಯಿ ಕಾರ್ಡ್ ತೆಗೆದು ನೋಡಿ

ವೈರಸ್ಸಿನ ದಾರಿಯಲ್ಲಿ ಮನುಷ್ಯನೇ ಕೊನೆ. ನಮ್ಮ ರಕ್ತದಲ್ಲಿ ಅದು ತೀರ ಕಡಿಮೆ, ಸ್ವಲ್ಪ ದಿನ ಮಾತ್ರ ಇರುತ್ತದೆ. ನಮ್ಮನ್ನು ಕಚ್ಚಿದ ಸೊಳ್ಳೆಗೆ ಅಷ್ಟು ಸಾಲುವುದಿಲ್ಲ. ಆದ್ದರಿಂದ ಜೆಇ ಬಂದ ಮಗುವನ್ನು ದೂರ ಇಡಬೇಕಾಗಿಲ್ಲ. ತಟ್ಟೆ, ಲೋಟ, ಕೆಮ್ಮು ಯಾವುದರಿಂದಲೂ ಹರಡುವುದಿಲ್ಲ. ನಾನು ಹೇಳಿದ ಆ ಪಕ್ಕದ ಊರಿನ ಮಗು ವಾಸಿಯಾಗಿ ಬಂದ ಮೇಲೂ ಎಷ್ಟೋ ದಿನ ಬೇರೆ ಮಕ್ಕಳನ್ನು ಅವರ ಮನೆಗೆ ಕಳಿಸುತ್ತಿರಲಿಲ್ಲ. ನನಗೆ ಕವಣೆಗಿಂತ ಅದು ಬೇಜಾರಾಯಿತು.

ಇದಕ್ಕೆ ಇನ್ನೊಂದು ಮುಖವೂ ಇದೆ. ದಡಾರದಲ್ಲಿ ಸುತ್ತಮುತ್ತಲಿನ ಮಕ್ಕಳೆಲ್ಲ ಲಸಿಕೆ ಹಾಕಿಸಿಕೊಂಡರೆ ಹಾಕಿಸದ ಮಗುವಿಗೂ ಸ್ವಲ್ಪ ಕಾವಲು ಸಿಗುತ್ತದೆ. ಇಲ್ಲಿ ಸಿಗುವುದಿಲ್ಲ. ವೈರಸ್ ಓಡಾಡುವುದು ಹಕ್ಕಿ, ಹಂದಿ, ಸೊಳ್ಳೆಯಲ್ಲಿ. ಅವಕ್ಕೆ ಯಾರೂ ಸೂಜಿ ಹಾಕಿಲ್ಲ. ಪಕ್ಕದ ಮನೆ ಮಗುವಿನ ಲಸಿಕೆ ನಿಮ್ಮ ಮಗುವನ್ನು ಕಾಯುವುದಿಲ್ಲ.

2005ರಲ್ಲಿ ಉತ್ತರ ಪ್ರದೇಶದ ಗೋರಖ್‌ಪುರದ ಕಡೆ ಸಾವಿರಕ್ಕೂ ಹೆಚ್ಚು ಜನ, ಅದರಲ್ಲೂ ಮಕ್ಕಳು, ಈ ಕಾಯಿಲೆಗೆ ಸತ್ತ ಮೇಲೆ 2006ರಲ್ಲಿ ನಾಲ್ಕು ರಾಜ್ಯಗಳಲ್ಲಿ ಲಸಿಕೆ ಶುರುವಾಯಿತು, ಕರ್ನಾಟಕವೂ ಅದರಲ್ಲಿತ್ತು. ಕಾಯಿಲೆ ಇರುವ ಜಿಲ್ಲೆಗಳಲ್ಲಿ 9 ತಿಂಗಳು ತುಂಬಿದ ಮೇಲೆ ಒಂದು ಡೋಸ್, 16ರಿಂದ 24 ತಿಂಗಳೊಳಗೆ ಇನ್ನೊಂದು. ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. 2022ರ ಡಿಸೆಂಬರ್‌ನಲ್ಲಿ ರಾಜ್ಯದ ಇನ್ನೂ 10 ಜಿಲ್ಲೆಗಳಲ್ಲಿ 1ರಿಂದ 15 ವರ್ಷದ ಮಕ್ಕಳಿಗೆ ಅಭಿಯಾನ ನಡೆಯಿತು. ಮಗುವಿನ ಲಸಿಕೆ ಬರೆದಿಡುವ ತಾಯಿ ಕಾರ್ಡಿನಲ್ಲಿ ಜೆಇ ಸಾಲಿನ ಎದುರು ಎರಡು ತಾರೀಖು ಇದೆಯಾ ನೋಡಿ. ಒಂದೇ ಇದ್ದರೆ ಆಶಾ ಕಾರ್ಯಕರ್ತೆಯನ್ನು ಕೇಳಿ. ಎರಡನೇ ಡೋಸ್ ಹೊತ್ತಿಗೆ ಮಗು ಓಡಾಡುತ್ತಿರುತ್ತದೆ, ಅಮ್ಮಂದಿರು ಮರೆಯುವುದು ಅಲ್ಲೇ.

ನಮ್ಮವರಿಗೆ ಗೊತ್ತಿರಲಿ ಅಂತ ಒಂದು ವಿಷಯ. 2013ರಲ್ಲಿ ಬಂದ ಭಾರತದ್ದೇ ಜೆಇ ಲಸಿಕೆಗೆ ಬಳಸಿದ ವೈರಸ್ ಮೂಲ ಕೋಲಾರದ್ದು. ಅಲ್ಲಿನ ರೋಗಿಯಿಂದ ಸಿಕ್ಕಿದ್ದನ್ನು ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ಕಾಪಾಡಿ ಇಟ್ಟಿತ್ತು. ಅದಕ್ಕೆ ಕೋಲಾರದ ಹೆಸರೇ ಇದೆ.

ಅಮೆರಿಕದಲ್ಲಿರುವವರಿಗೆ ಬೇರೆ ಮಾತು

ಡಲ್ಲಾಸ್, ನ್ಯೂಜೆರ್ಸಿ ಕಡೆ ಇರುವ ನಮ್ಮವರು ಎಚ್ಚರ ಇಡಬೇಕಾದ್ದು ವೆಸ್ಟ್ ನೈಲ್ ಬಗ್ಗೆ. ಅದು 1937ರಲ್ಲಿ ಉಗಾಂಡದಲ್ಲಿ ಸಿಕ್ಕ ವೈರಸ್. ಅದಕ್ಕೆ ಹಂದಿ ಬೇಕಿಲ್ಲ, ಹಕ್ಕಿ ಮತ್ತು ಸೊಳ್ಳೆ ಸಾಕು. 1999ರ ಬೇಸಿಗೆಯಲ್ಲಿ ನ್ಯೂಯಾರ್ಕಿನಲ್ಲಿ ಕಾಗೆಗಳು ಬೀದಿಯಲ್ಲಿ ಸತ್ತು ಬೀಳತೊಡಗಿದವು. ಅದೇ ಹೊತ್ತಿಗೆ ಆ ನಗರದ ಕ್ವೀನ್ಸ್ ಭಾಗದ ಆಸ್ಪತ್ರೆಗೆ ವಯಸ್ಸಾದವರು ಮೆದುಳಿನ ಸೋಂಕಿನಿಂದ ಬಂದರು. ಅದನ್ನು ಮೊದಲು ಸೇಂಟ್ ಲೂಯಿಸ್ ಎನ್‌ಸೆಫಲೈಟಿಸ್ ಅಂದರು, ಅದು ಸೊಳ್ಳೆಯಿಂದಲೇ ಬರುವ ಇನ್ನೊಂದು ಮೆದುಳು ಜ್ವರ. ಬ್ರಾಂಕ್ಸ್ ಮೃಗಾಲಯದ ಪಶುವೈದ್ಯೆ ಟ್ರೇಸಿ ಮೆಕ್‌ನಮಾರಾ ಒಪ್ಪಲಿಲ್ಲ. ಆ ಕಾಯಿಲೆಯಲ್ಲಿ ಹಕ್ಕಿ ಸಾಯುವುದಿಲ್ಲ, ಇಲ್ಲಿ ನಮ್ಮ ಫ್ಲೆಮಿಂಗೊಗಳೂ ಸಾಯುತ್ತಿವೆ ಅಂತ ಪಟ್ಟು ಹಿಡಿದರು. ಕೊನೆಗೆ ಅದು ವೆಸ್ಟ್ ನೈಲ್ ಅಂತ ಗೊತ್ತಾಯಿತು. ಆ ವರ್ಷ 62 ಜನರಲ್ಲಿ ಕಾಯಿಲೆ ಗುರುತಾಯಿತು, 7 ಜನ ಸತ್ತರು. ನಾಲ್ಕೇ ವರ್ಷದಲ್ಲಿ ವೈರಸ್ ಕ್ಯಾಲಿಫೋರ್ನಿಯಾ ತನಕ ಹೋಯಿತು. 2012ರಲ್ಲಿ ಡಲ್ಲಾಸ್ ಸುತ್ತ ಜೋರಾಗಿ ಬಂದಾಗ ವಿಮಾನದಿಂದ ಔಷಧಿ ಹೊಡೆದರು.

ನಮ್ಮೂರಿಗೂ ಅಲ್ಲಿಗೂ ದೊಡ್ಡ ವ್ಯತ್ಯಾಸ ಇದು. ಅಲ್ಲಿ ಸತ್ತ ಕಾಗೆಯೇ ಮೊದಲ ಸೂಚನೆ, ನಮ್ಮ ಬೆಳ್ಳಕ್ಕಿ ಏನೂ ಹೇಳುವುದಿಲ್ಲ. ಹಿತ್ತಲಲ್ಲಿ ಸತ್ತ ಕಾಗೆ, ಬ್ಲೂ ಜೇ ಕಂಡರೆ ಬರಿಗೈಲಿ ಮುಟ್ಟಬೇಡಿ, ಕೌಂಟಿಯ ಆರೋಗ್ಯ ಇಲಾಖೆಗೆ ಫೋನ್ ಮಾಡಿ. ಗಟರ್‌ನಲ್ಲಿ ಕಟ್ಟಿಕೊಂಡ ಎಲೆ, ಹೂಕುಂಡದ ತಟ್ಟೆ, ಹಕ್ಕಿಗೆ ಇಟ್ಟ ನೀರಿನ ಬಟ್ಟಲು, ಇವನ್ನು ವಾರಕ್ಕೊಮ್ಮೆ ಖಾಲಿ ಮಾಡಿ. ಆಗಸ್ಟ್, ಸೆಪ್ಟೆಂಬರ್ ಸಂಜೆ ಜಾಸ್ತಿ ಎಚ್ಚರ. ಕುದುರೆಗೆ ಲಸಿಕೆ ಇದೆ, ಮನುಷ್ಯರಿಗೆ ಇನ್ನೂ ಇಲ್ಲ. ಊರಿಂದ ಬಂದ ಅಪ್ಪ ಅಮ್ಮ ಸಂಜೆ ವಾಕಿಂಗ್ ಹೋಗುತ್ತಾರಲ್ಲ, ಅವರ ಕಾಲಿಗೆ ಸ್ಪ್ರೇ ಹಾಕಿ ಕಳಿಸಿ. ಈ ವೈರಸ್ ಹೆಚ್ಚು ಕಾಡುವುದು ವಯಸ್ಸಾದವರನ್ನು. ಹತ್ತಿರದ ಕೇರಳದಲ್ಲೂ ಇದು ಇದೆ. 2019ರಲ್ಲಿ ಮಲಪ್ಪುರಂನ ಒಬ್ಬ ಬಾಲಕ ಸತ್ತ, 2024ರ ಮೇ ತಿಂಗಳಲ್ಲೂ ಅಲ್ಲಿ ಎಚ್ಚರಿಕೆ ಕೊಟ್ಟಿದ್ದರು.

ಹೆಜ್ಜೆ 7: ಜ್ವರ ಬಂದೇ ಬಿಟ್ಟರೆ

ಸೋಂಕು ತಗುಲಿದ ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ಜೆಇಯಲ್ಲಿ ಸುಮಾರು 250 ಜನರಲ್ಲಿ ಒಬ್ಬರಿಗೆ ಮಾತ್ರ ಜೋರಾಗುತ್ತದೆ. ಆದರೆ ಜೋರಾದರೆ ಮೂರರಲ್ಲಿ ಒಬ್ಬರ ತನಕ ಸಾಯಬಹುದು, ಉಳಿದವರಲ್ಲೂ ಎಷ್ಟೋ ಜನಕ್ಕೆ ಮಾತು, ನಡಿಗೆ, ನೆನಪು ಮೊದಲಿನ ಹಾಗೆ ಬರುವುದಿಲ್ಲ. ವೈರಸ್ ಕೊಲ್ಲುವ ಔಷಧಿ ಇಲ್ಲ. ಮೆದುಳಿನ ಬಾವು, ಫಿಟ್ಸ್, ಉಸಿರು ಇವನ್ನು ಹೊತ್ತಿಗೆ ಸರಿಯಾಗಿ ನೋಡಿಕೊಳ್ಳುವುದೇ ಚಿಕಿತ್ಸೆ, ಅದಕ್ಕೇ ಬೇಗ ಹೋಗಬೇಕು.

ಕಚ್ಚಿದ 5ರಿಂದ 15 ದಿನದಲ್ಲಿ ಜ್ವರ ಬರುತ್ತದೆ. ಜ್ವರದ ಜೊತೆ ವಿಪರೀತ ತಲೆನೋವು, ವಾಂತಿ, ಕತ್ತು ಬಿಗಿತ, ಕರೆದರೆ ಸರಿಯಾಗಿ ಓಗೊಡದಿರುವುದು, ಸುಮ್ಮನೆ ತೊದಲುವುದು, ಫಿಟ್ಸ್, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಅಂತ ಕಾಯಬೇಡಿ. 108ಕ್ಕೆ ಕರೆ ಮಾಡಿ. ಯಂತ್ರ, ತಾಯತ ಕಟ್ಟಿಸಬೇಕು ಅನಿಸಿದರೆ ಆಸ್ಪತ್ರೆಯಿಂದ ಬಂದ ಮೇಲೆ ಕಟ್ಟಿಸಿ. ಫಿಟ್ಸ್ ಬಂದಾಗ ಮಗುವನ್ನು ಒಂದು ಮಗ್ಗುಲಿಗೆ ಮಲಗಿಸಿ. ಬಾಯಿಗೆ ನೀರು, ಚಮಚ ಏನೂ ಹಾಕಬೇಡಿ. ಜ್ವರಕ್ಕೆ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ಮಾತ್ರೆ ಕೊಡಬೇಡಿ.

ಡಾಕ್ಟರಿಗೆ ನೀವಾಗೇ ಹೇಳಿ: ಜ್ವರ ಶುರುವಾದ ದಿನ, ಮನೆ ಗದ್ದೆ ಪಕ್ಕ ಇದೆಯಾ, ಹತ್ತಿರ ಹಂದಿ ಇವೆಯಾ, ಜೆಇ ಲಸಿಕೆ ಎಷ್ಟು ಡೋಸ್ ಆಗಿದೆ. ತಾಯಿ ಕಾರ್ಡ್ ಜೊತೆಗೆ ಒಯ್ಯಿರಿ. ಆಮೇಲೆ ಬೆನ್ನಿನ ನೀರು ತೆಗೆಯಬೇಕು ಅನ್ನುತ್ತಾರೆ. ಬೆನ್ನಿಗೆ ಸೂಜಿ ಹಾಕಿದರೆ ಕಾಲು ಬಿದ್ದುಹೋಗುತ್ತದೆ ಅಂತ ನಮ್ಮ ಕಡೆ ಭಯ ಇದೆ. ಸೂಜಿ ಹಾಕುವುದು ಸೊಂಟದ ಕೆಳಭಾಗದಲ್ಲಿ, ಬೆನ್ನುಹುರಿ ಅದಕ್ಕಿಂತ ಮೇಲೇ ಮುಗಿದಿರುತ್ತದೆ. ಜೆಇ ಹೌದೋ ಅಲ್ಲವೋ ಅಂತ ಖಚಿತವಾಗುವುದು ಆ ನೀರಿನ ಪರೀಕ್ಷೆಯಲ್ಲಿ. ಬೇರೆ ಮದ್ದಿರುವ ಬ್ಯಾಕ್ಟೀರಿಯಾ ಸೋಂಕು ಆಗಿದ್ದರೆ ಅದೂ ಅಲ್ಲೇ ಗೊತ್ತಾಗುತ್ತದೆ. ಸಹಿ ಕೇಳಿದರೆ ಊರಿಗೆ ಫೋನ್ ಮಾಡಿ ಹತ್ತು ಜನರನ್ನು ಕೇಳುತ್ತ ಕೂರಬೇಡಿ, ಅನುಮಾನ ಇದ್ದರೆ ಅಲ್ಲೇ ನಿಂತಿರುವ ಡಾಕ್ಟರನ್ನು ಕೇಳಿ, ಸಹಿ ಹಾಕಿ.